ಸಮೂಹಕಲೆ ಮತ್ತು ಧರ್ಮಸಮುದಾಯದ ಅಂತಃಸಾಕ್ಷಿ

ಒಂದು ಮತಧರ್ಮವನ್ನು ನಂಬಿದ ಜನರು ತಮ್ಮ ಆರಾಧನೆಯ ಸ್ಥಳದಲ್ಲಾಗಲಿ ಅದರ ಆಶ್ರಯದಲ್ಲಾಗಲಿ ಒಟ್ಟುಗೂಡಿ, ಯಾರೊಬ್ಬರ ಕೀರ್ತಿಗೂ ಸಲ್ಲದಂತಹ ಚಿತ್ರ, ಹೊಲಿಗೆ, ನೇಯ್ಗೆ ಮೊದಲಾದ ಕೃತಿಗಳನ್ನು ರಚಿಸಿ, ಆ ರಚನೆಯ ಮೂಲಕ ತಮ್ಮ ಕಾಲದ ಅನ್ಯಾಯ, ಹಸಿವು, ಹಿಂಸೆಗಳ ಕಡೆಗೆ ತಮ್ಮವರ ದೃಷ್ಟಿಯನ್ನು ತಿರುಗಿಸಿದ ಪ್ರಯತ್ನಗಳನ್ನು ಈ ಲೇಖನದಲ್ಲಿ ಸಮೂಹಕಲೆಯೆಂದು ಪರಿಗಣಿಸಲಾಗಿದೆ. ದೇವಾಲಯ, ಬಸದಿ, ಚರ್ಚುಗಳೆಲ್ಲ ಅನೇಕರ ಕೈಗಳಿಂದಲೇ ಎದ್ದುವು. ಆದರೆ ಅಲ್ಲಿ ಶಿಲ್ಪಿಗಳು ನೆರವೇರಿಸಿದುದು ದಾನಿಯ ಇಲ್ಲವೆ ಆಚಾರ್ಯನ ಸಂಕಲ್ಪವನ್ನು. ಪ್ರಸ್ತುತ ವಿಷಯದಲ್ಲಿ ವ್ಯಥೆಯನ್ನು ಉಂಡವರೇ ಅದನ್ನು ರೂಪಿಸುವವರು. ಅವರಿಗೆ ಬಹುಮಟ್ಟಿಗೆ ಕಲೆಯ ಶಿಕ್ಷಣವಿರಲಿಲ್ಲ, ತಾವು ಕಲಾವಿದರೆಂಬ ಭಾವನೆಯೂ ಇರಲಿಲ್ಲ. ಇಂತಹ ಕೃತಿ ನೋಡುವವನನ್ನು ಎಚ್ಚರಿಸುವುದಕ್ಕೆ ಬಹಳ ಮುಂಚೆಯೇ ಮಾಡುವವರನ್ನು ಎಚ್ಚರಿಸಿಬಿಟ್ಟಿರುತ್ತದೆ ಎಂಬುದು, ಮತ್ತು ಅದರ ನಿಜವಾದ ಬಲ ಚಿತ್ರದಲ್ಲಿರುವಷ್ಟೇ ಅದನ್ನು ಮಾಡುತ್ತ ಕೂಡಿ ಕುಳಿತ ಹೊತ್ತಿನಲ್ಲಿಯೂ ಇದೆಯೆಂಬುದು, ಮುಂದೆ ವಿವರಿಸಲಾಗುವ ನಿದರ್ಶನಗಳನ್ನು ಒಟ್ಟಿಗೆ ನೋಡಿದವರಿಗೆ ತೋರದೆ ಇರದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲ್ಯಾಟಿನ್ ಅಮೆರಿಕದ ಕ್ರೈಸ್ತ ಸಮುದಾಯಗಳಲ್ಲಿ ಈ ಬಗೆಯ ಕಲೆ ಅತ್ಯಂತ ಪರಿಪುಷ್ಟವಾಗಿ ಬೆಳೆದುದರಿಂದ, ಅದರಲ್ಲಿಯೂ ಚಿಲಿ ದೇಶದ ಬಡ ಸ್ತ್ರೀಯರ ಹೊಲಿಗೆಯ ಚಿತ್ರಗಳಲ್ಲಿ ಪರಾಕಾಷ್ಠೆಯನ್ನು ಮುಟ್ಟಿದುದರಿಂದ, ಲೇಖನದ ಹೆಚ್ಚಿನ ಭಾಗವನ್ನು ಅವುಗಳಿಗೇ ಮೀಸಲಾಗಿರಿಸಿದೆ.

ಪೂರ್ವರೂಪ

ಬಟ್ಟೆಯ ಮೇಲೆ ಚಿತ್ರಿಸಿ ಇಡೀ ಸಭೆಯ ಕಣ್ಣಮುಂದೆ ತೂಗುಹಾಕುವ ರೂಢಿ ಕ್ರೈಸ್ತ ಜಗತ್ತಿಗೆ ಹೊಸದಲ್ಲ. ಮಧ್ಯಯುಗದ ಜರ್ಮನ್ ಭಾಷಾಪ್ರದೇಶಗಳಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಬಲಿಪೀಠವನ್ನು ಜನರ ದೃಷ್ಟಿಯಿಂದ ಮರೆಮಾಡುವ ದೊಡ್ಡದೊಂದು ಪರದೆಯನ್ನು ಇಳಿಬಿಡುತ್ತಿದ್ದರು. ದೇಹದ ಉಪವಾಸದೊಡನೆ ಕಣ್ಣಿಗೂ ಉಪವಾಸವಿರಲಿ ಎಂಬುದು ಅದರ ಆಶಯ. ಕಾಲಕ್ರಮದಲ್ಲಿ ಆ ಪರದೆಯೇ ಚಿತ್ರಗಳಿಂದ ತುಂಬಿತು. ಆಸ್ಟ್ರಿಯದ ಗುರ್ಕ್ ಪ್ರಧಾನಾಲಯದಲ್ಲಿ ಇಂದಿಗೂ ಉಳಿದಿರುವ, 1458ರಲ್ಲಿ ಫ್ರೀಸಾಖಿನ ಕೊನ್ರಾಡನ ಕೈಯಲ್ಲಿ ಸಿದ್ಧವಾದ ಪರದೆಯ ಮೇಲೆ 99 ದೃಶ್ಯಗಳಿವೆ. ಜರ್ಮನಿಯ ಸಿಟ್ಟಾವು ನಗರದ 1472ರ ಪರದೆಯ ಮೇಲೆ, ಸೃಷ್ಟಿಯಿಂದ ಅಂತಿಮ ತೀರ್ಪಿನವರೆಗಿನ ಕಥೆಯನ್ನು ಹೇಳುವ 90 ದೃಶ್ಯಗಳು ಸಾಲುಸಾಲಾಗಿವೆ. ಓದುಬರಹವಿಲ್ಲದ ರೈತನಿಗೂ ನೇಕಾರನಿಗೂ ಅದೇ ಗ್ರಂಥ. ಸಿಟ್ಟಾವಿನ ಪರದೆಯನ್ನು ಎರಡನೆಯ ಮಹಾಯುದ್ಧದ ಅಂತ್ಯದಲ್ಲಿ ಸೋವಿಯತ್ ಸೈನಿಕರು ತುಂಡುಮಾಡಿ ತಮ್ಮ ಹಬೆಸ್ನಾನದ ಗುಡಿಸಲಿಗೆ ಹೊದಿಸಿದರೆಂಬುದನ್ನೂ, ದಶಕಗಳ ತರುವಾಯ ಆ ತುಂಡುಗಳನ್ನು ಕೂಡಿಸಿ ಉಳಿಸಲಾಯಿತೆಂಬುದನ್ನೂ ಇಲ್ಲಿ ಹೇಳಬೇಕು. ಬಟ್ಟೆಯ ಕಲೆ ಎಷ್ಟು ಸುಲಭವಾಗಿ ನಾಶಕ್ಕೆ ಗುರಿಯಾಗುತ್ತದೆಯೋ ಅಷ್ಟೇ ಹಟದಿಂದ ಬದುಕಿ ಉಳಿಯುತ್ತದೆ. ಆದರೆ ಈ ಹಳೆಯ ಪರದೆಗಳು ಮಾನವನ ಪಾಪವನ್ನು ಕುರಿತು ಎಚ್ಚರಿಸಿದುವೇ ಹೊರತು ಜಮೀನ್ದಾರನ ಕಣಜವನ್ನಾಗಲಿ ಅರಸನ ಸೆರೆಮನೆಯನ್ನಾಗಲಿ ಕುರಿತು ಮಾತನಾಡಲಿಲ್ಲ.

ಆ ಮಾತು ಬರಬೇಕಾದರೆ ಧರ್ಮಚಿಂತನೆಯಲ್ಲಿಯೇ ಒಂದು ಹೊರಳುವಿಕೆ ಆಗಬೇಕಾಗಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಆಧುನಿಕ ಜಗತ್ತಿನ ಸುಖದುಃಖಗಳು, ವಿಶೇಷತಃ ಬಡವರ ಸುಖದುಃಖಗಳು, ಚರ್ಚಿನವೂ ಹೌದೆಂದು ಸಾರಿತು. 1968ರಲ್ಲಿ ಕೊಲಂಬಿಯದ ಮೆದೆಯಿನ್ ನಗರದಲ್ಲಿ ಸೇರಿದ ಲ್ಯಾಟಿನ್ ಅಮೆರಿಕದ ಧರ್ಮಾಧ್ಯಕ್ಷರು, ದಾರಿದ್ರ್ಯವು ದೈವೇಚ್ಛೆಯಲ್ಲ, ಅನ್ಯಾಯದ ವ್ಯವಸ್ಥೆಯ ಫಲವೆಂದು ನಿಸ್ಸಂದಿಗ್ಧವಾಗಿ ನುಡಿದರು. 1971ರಲ್ಲಿ ಪೆರು ದೇಶದ ಪಾದ್ರಿ ಗುಸ್ತಾವೊ ಗುತಿಯೆರೆಸ್ ಪ್ರಕಟಿಸಿದ ಗ್ರಂಥದಿಂದ ಈ ಚಿಂತನೆಗೆ ವಿಮೋಚನಾ ದೇವತಾಶಾಸ್ತ್ರವೆಂಬ ಹೆಸರು ಸ್ಥಿರವಾಯಿತು. ಪಾದ್ರಿಗಳ ಅಭಾವವಿದ್ದ ಹಳ್ಳಿಗಳಲ್ಲಿಯೂ ನಗರದಂಚಿನ ಕೊಳೆಗೇರಿಗಳಲ್ಲಿಯೂ ಹತ್ತಿಪ್ಪತ್ತು ಮನೆಯವರು ಸೇರಿ ತಾವೇ ಶುಭಸಂದೇಶವನ್ನು ಓದಿ, ಅದನ್ನು ತಮ್ಮ ಬಾಳಿಗೆ ಹಚ್ಚಿ ವಿಚಾರಮಾಡುವ ಸಣ್ಣ ಸಣ್ಣ ಮೂಲಸಮುದಾಯಗಳು ಹುಟ್ಟಿಕೊಂಡುವು. ಅಕ್ಷರ ಬಾರದವರು ಬಹುಸಂಖ್ಯೆಯಲ್ಲಿದ್ದ ಇಂತಹ ಕೂಟಗಳಲ್ಲಿ ವಿಚಾರವು ಚಿತ್ರವಾಗಿ, ಹಾಡಾಗಿ, ಹೊಲಿಗೆಯಾಗಿ ಹೊರಬಂದುದು ಸಹಜವೇ ಆಗಿತ್ತು.

ಚಿಲಿಯ ಗೋಣಿಚಿತ್ರಗಳು

1973ರ ಸೆಪ್ಟೆಂಬರ್ 11ರಂದು ಚಿಲಿಯ ಸೇನೆಯು ಚುನಾಯಿತ ಅಧ್ಯಕ್ಷ ಸಾಲ್ವದೋರ್ ಆಯೆಂದೆಯ ಸರಕಾರವನ್ನು ಉರುಳಿಸಿ, ಜನರಲ್ ಪಿನೊಚೆಯ ಮುಂದಾಳುತನದಲ್ಲಿ ಅಧಿಕಾರವನ್ನು ಕೈಗೆ ತೆಗೆದುಕೊಂಡಿತು. ಸಂಸತ್ತು ಮುಚ್ಚಿತು, ಕಾರ್ಮಿಕ ಸಂಘಗಳೂ ಪಕ್ಷಗಳೂ ನಿಷಿದ್ಧವಾದುವು. ಸಾವಿರಾರು ಜನ ಬಂಧಿತರಾದರು, ಅವರಲ್ಲಿ ಸಾವಿರಕ್ಕೂ ಮಿಕ್ಕಿದವರು ಎಲ್ಲಿ ಹೋದರೆಂಬುದು ಮನೆಯವರಿಗೆ ತಿಳಿಯದೆಯೇ ಹೋಯಿತು. ಸಾರ್ವಜನಿಕ ಸಂಸ್ಥೆಗಳಲ್ಲಿ ಬಾಗಿಲು ತೆರೆದು ನಿಂತುದು ಬಹುಮಟ್ಟಿಗೆ ಚರ್ಚು ಒಂದೇ. ಅದೇ ವರ್ಷದ ಅಕ್ಟೋಬರಿನಲ್ಲಿ ಕಥೋಲಿಕರು, ಲೂಥರನರು, ಮೆಥೊಡಿಸ್ಟರು ಮಾತ್ರವಲ್ಲದೆ ಯೆಹೂದಿ ಸಮಾಜದವರೂ ಕೂಡಿ ಶಾಂತಿಗಾಗಿ ಸಹಕಾರ ಸಮಿತಿಯೊಂದನ್ನು ಸ್ಥಾಪಿಸಿದರು. ಸರಕಾರದ ಒತ್ತಡದಿಂದ 1975ರ ಕೊನೆಯಲ್ಲಿ ಅದನ್ನು ವಿಸರ್ಜಿಸಬೇಕಾಗಿ ಬಂದಾಗ, ಸಾಂತಿಯಾಗೊದ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ರಾವುಲ್ ಸಿಲ್ವಾ ಎನ್ರಿಕೆಸರು ವಿಳಂಬಿಸದೆ, 1976ರ ಜನವರಿ 1ರಿಂದ ತಮ್ಮ ಧರ್ಮಪ್ರಾಂತದ ಅಂಗವಾಗಿಯೇ ವಿಕಾರಿಯಾ ದೆ ಲಾ ಸೊಲಿದಾರಿದಾದ್ ಎಂಬ ಕಚೇರಿಯನ್ನು ತೆರೆದರು. ಕ್ರಿಸ್ತಿಯಾನ್ ಪ್ರೆಕ್ತ್ ಎಂಬ ತರುಣ ಪಾದ್ರಿ ಅದರ ಮೊದಲ ಮುಖ್ಯಸ್ಥರು. ಸ್ಥಳ, ನಗರದ ಕೇಂದ್ರ ಚೌಕದಲ್ಲಿ ಪ್ರಧಾನಾಲಯದ ಮಗ್ಗುಲು. ಅದರ ವಕೀಲರು ಕಾಣೆಯಾದವರ ಪರವಾಗಿ ನ್ಯಾಯಾಲಯಗಳಿಗೆ ಸಾವಿರಾರು ಅರ್ಜಿಗಳನ್ನು ಸಲ್ಲಿಸಿದರು. ಅವು ಹೆಚ್ಚುಕಡಮೆ ಎಲ್ಲವೂ ತಿರಸ್ಕೃತವಾದುವು. ಆದರೂ ಆ ಅರ್ಜಿಗಳ ಪ್ರತಿಗಳನ್ನು ಜೋಪಾನವಾಗಿ ಕಾಪಾಡಿ ಇಟ್ಟುದರಿಂದಲೇ ಮುಂದೆ ಸತ್ಯಶೋಧನೆಗೆ ಆಧಾರ ದೊರೆತಿತು.

ಇಂತಹ ದುರ್ದಿನಗಳಲ್ಲಿ, ಮೊದಲಿನ ಸಮಿತಿಯ ಆಶ್ರಯದಲ್ಲಿಯೇ, 1974ರಲ್ಲಿ ಮೊದಲ ಹೊಲಿಗೆಯ ಕೂಟ ಆರಂಭವಾಯಿತು. ಅಲ್ಲಿಗೆ ಬಂದವರು ಸೆರೆಮನೆ, ಆಸ್ಪತ್ರೆ, ಶವಾಗಾರಗಳ ಬಾಗಿಲುಗಳನ್ನು ತಟ್ಟಿ ತಟ್ಟಿ ದಣಿದ ತಾಯಂದಿರು, ಹೆಂಡಂದಿರು, ಅಕ್ಕತಂಗಿಯರು. ಅವರಿಗೆ ಏನಾದರೂ ಸಂಪಾದನೆಯಾಗಲಿ, ಮನಸ್ಸಿಗೆ ಒಂದಿಷ್ಟು ನೆಮ್ಮದಿ ದೊರೆಯಲಿ ಎಂಬುದು ಸಮಿತಿಯ ಕಾರ್ಯಕರ್ತೆಯರ ಮೊದಲ ಉದ್ದೇಶ. ಲೋಕವನ್ನು ಎಚ್ಚರಿಸುವ ಯೋಜನೆಯೇನೂ ಅದರಲ್ಲಿರಲಿಲ್ಲ. ಗೋಣಿತಟ್ಟಿಗೆ ಸ್ಪಾನಿಷ್ ಭಾಷೆಯಲ್ಲಿ ಆರ್ಪಿಯೇರಾ ಎಂದು ಹೆಸರು. ಅದರ ಮೇಲೆ ಹೊಲಿದ ಚಿತ್ರಗಳಿಗೂ ಅದೇ ಹೆಸರು ನಿಂತಿತು. ಚಿಲಿಯಲ್ಲಿ ಈ ಕಸೂತಿಗೆ ಪೂರ್ವಪರಂಪರೆಯಿತ್ತು: ಇಸ್ಲಾ ನೇಗ್ರ ಎಂಬ ಕಡಲಂಚಿನ ಊರಿನ ಹೆಂಗಸರು ಉಣ್ಣೆಯ ದಾರದಿಂದ ತಮ್ಮ ಊರಿನ ಚಿತ್ರಗಳನ್ನು ಕಸೂತಿಹಾಕುತ್ತಿದ್ದರು, ಜನಪದ ಗಾಯಕಿ ವಿಯೊಲೆತಾ ಪಾರಾ ರಚಿಸಿದ ದೊಡ್ಡ ಗೋಣಿಚಿತ್ರಗಳು 1964ರಲ್ಲಿ ಪ್ಯಾರಿಸಿನ ಲೂವ್ರ್ ಅರಮನೆಯ ಅಲಂಕಾರಕಲೆಗಳ ಸಂಗ್ರಹಾಲಯದಲ್ಲಿ ಪ್ರದರ್ಶಿತವಾಗಿದ್ದುವು. ಆದರೆ ಇಡೀ ಚಿತ್ರಕ್ಕಾಗುವಷ್ಟು ಉಣ್ಣೆಯ ದಾರಕ್ಕೆ ಹಣ ಬೇಕು. ಕೈಬರಿದಾದ ಹೆಂಗಸರಲ್ಲಿದ್ದುದು ಬಹುಮಟ್ಟಿಗೆ ಹಿಟ್ಟಿನ ಚೀಲ ಮತ್ತು ಹಳೆಯ ಬಟ್ಟೆಯ ಚಿಂದಿ. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಹರಿದ ಸೀರೆ, ಧೋತರಗಳ ತುಣುಕುಗಳನ್ನು ಜೋಡಿಸಿ ಕೌದಿ ಹೊಲಿಯುವಂತೆಯೇ, ಅವರೂ ಇದ್ದುದನ್ನು ಕೂಡಿಸಿ ಇಲ್ಲದುದನ್ನು ಸೃಷ್ಟಿಸಿದರು.

ಈ ಚಿತ್ರಗಳ ರಚನಾಕ್ರಮ ಸರಳವಾದುದು. ಸುಮಾರು ಒಂದಡಿ ಎತ್ತರ, ಒಂದೂವರೆ ಅಡಿ ಅಗಲದ ಗೋಣಿಯ ತುಂಡಿನ ಮೇಲೆ ಬಣ್ಣಬಣ್ಣದ ಬಟ್ಟೆಯ ತುಣುಕುಗಳಿಂದ ಮನೆ, ಬೀದಿ, ಮರ, ಚರ್ಚು, ಕಾರಖಾನೆಗಳನ್ನು ಹೊಲಿದು, ಅರಳೆ ತುಂಬಿದ ಪುಟ್ಟ ಗೊಂಬೆಗಳನ್ನು ಮೇಲೆತ್ತಿ ನಿಲ್ಲುವಂತೆ ಕೂರಿಸಿ, ಅಂಚಿಗೆ ಉಣ್ಣೆಯ ದಾರದಿಂದ ಕೊಕ್ಕೆಸೂಜಿಯ ಹೆಣಿಗೆ ಹಾಕಿ ಮುಗಿಸುತ್ತಿದ್ದರು. ಹಿನ್ನೆಲೆಯಲ್ಲಿ ಬಹುಮಟ್ಟಿಗೆ ತಪ್ಪದೆ ಆಂಡೀಸ್ ಪರ್ವತಶ್ರೇಣಿ, ಅದರ ಮೇಲೆ ಹೊಳೆಯುವ ಸೂರ್ಯ. ದೂರದಿಂದ ನೋಡಿದವರಿಗೆ ಮಕ್ಕಳ ಕೋಣೆಗೆ ಒಪ್ಪುವ ಸೊಗಸಾದ ಕೈಕೆಲಸ. ಸಮೀಪಕ್ಕೆ ಬಂದಾಗ, ಆ ನಗುವ ಸೂರ್ಯನ ಕೆಳಗೆ ಸಿಪಾಯಿಗಳು ಒಬ್ಬ ತರುಣನನ್ನು ಬಂಡಿಗೆ ತಳ್ಳುತ್ತಿರುವುದು, ಹೆಂಗಸರ ಸಾಲೊಂದು ಸೆರೆಮನೆಯ ಗೋಡೆಯ ಹೊರಗೆ ಕಾಯುತ್ತಿರುವುದು, ಮುಚ್ಚಿದ ಕಾರಖಾನೆಯ ಬಾಗಿಲಲ್ಲಿ ಕೆಲಸವಿಲ್ಲವೆಂಬ ಫಲಕ ತೂಗುತ್ತಿರುವುದು ಕಾಣುತ್ತದೆ. ಕೆಲವು ಚಿತ್ರಗಳ ಬೆನ್ನಿಗೆ ಚಿಕ್ಕದೊಂದು ಕಿಸೆಯನ್ನು ಹೊಲಿದು, ಅದರಲ್ಲಿ ಚಿತ್ರದ ಅರ್ಥವನ್ನು ನಾಲ್ಕು ಸಾಲಿನಲ್ಲಿ ಬರೆದ ಚೀಟಿಯನ್ನು ಇಡುತ್ತಿದ್ದರು. ಕಾಣೆಯಾದ ಗಂಡನ ಅಂಗಿಯ ತುಂಡು ಚಿತ್ರದ ಗೊಂಬೆಗೆ ಉಡುಪಾದುದೂ ಉಂಟು.

ಕಾಣೆಯಾದವರ ಮನೆಯವರಿಂದ ಆರಂಭವಾದ ಕೂಟಗಳು ಬಹುಬೇಗ ಸಾಂತಿಯಾಗೊದ ಕೊಳೆಗೇರಿಗಳ ಧರ್ಮಕೇಂದ್ರಗಳಿಗೆ ಹಬ್ಬಿದುವು. ಅಲ್ಲಿ ಬಂದವರು ನಿರುದ್ಯೋಗಿಗಳ ಹೆಂಡಂದಿರು. ಅವರೊಡನೆ ಚಿತ್ರಗಳ ವಸ್ತುವೂ ವಿಸ್ತರಿಸಿತು. ಬೀದಿಯಲ್ಲಿ ಒಲೆ ಹೂಡಿ ಹತ್ತಾರು ಮನೆಯವರು ಕೂಡಿ ಬೇಯಿಸುವ ಸಾಮೂಹಿಕ ಅಡಿಗೆ, ಚರ್ಚಿನ ಅಂಗಳದಲ್ಲಿ ಮಕ್ಕಳಿಗೆ ಊಟ, ಇಡೀ ಕೇರಿಗೆ ಒಂದೇ ನಲ್ಲಿ, ದುಡ್ಡಿಲ್ಲದೆ ಕಡಿದುಹೋದ ವಿದ್ಯುತ್ತನ್ನು ಕಂಬದಿಂದ ಕದ್ದು ಎಳೆಯುವ ತಂತಿ: ಇವೆಲ್ಲ ದುಃಖವನ್ನಷ್ಟೇ ಅಲ್ಲ, ಬಡವರು ಒಬ್ಬರಿಗೊಬ್ಬರು ಆಸರೆಯಾದ ಬಗೆಯನ್ನೂ ಹೇಳುವ ಚಿತ್ರಗಳು. ನನ್ನ ದೃಷ್ಟಿಯಲ್ಲಿ ಇವುಗಳ ಮಹತ್ವ ಬಂಧನದ ಚಿತ್ರಗಳಿಗಿಂತ ಯಾವ ವಿಧದಲ್ಲಿಯೂ ಕಡಮೆಯಲ್ಲ. ಕ್ರೌರ್ಯವನ್ನು ತೋರಿಸಿ ನೋಡುವವನ ಕಣ್ಣಲ್ಲಿ ನೀರು ತರಿಸುವುದು ಅಷ್ಟೇನೂ ಕಷ್ಟವಲ್ಲ. ಹಂಚಿ ಉಣ್ಣುವ ಒಂದು ಪಾತ್ರೆಯನ್ನು ತೋರಿಸಿ, ಹಂಚದೆ ಉಣ್ಣುವ ಭಕ್ತನನ್ನು ಅವನ ಪ್ರಾರ್ಥನೆಯ ನಡುವೆ ನಾಚುವಂತೆ ಮಾಡುವುದು ಕಷ್ಟ.

ಕೂಟದ ನಡೆವಳಿಕೆ ಗಮನಾರ್ಹವಾದುದು. ವಾರಕ್ಕೊಮ್ಮೆ, ಸಾಮಾನ್ಯವಾಗಿ ಧರ್ಮಕೇಂದ್ರದ ಕೋಣೆಯೊಂದರಲ್ಲಿ, ಇಪ್ಪತ್ತರಷ್ಟು ಹೆಂಗಸರು ಸೇರುತ್ತಿದ್ದರು. ಮುಂದಿನ ವಾರದ ವಸ್ತುವನ್ನು ಚರ್ಚಿಸುವುದು, ಮುಗಿದ ಚಿತ್ರಗಳನ್ನು ಎಲ್ಲರೂ ನೋಡಿ ಹೊಲಿಗೆ ಸಡಿಲವಾಗಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುವುದು, ಯಾರ ಮನೆಯಲ್ಲಿ ಹೆಚ್ಚಿನ ಕಷ್ಟವಿದೆಯೋ ಅವರಿಗೆ ಆ ವಾರ ಒಂದು ಚಿತ್ರ ಹೆಚ್ಚಿಗೆ ಕೊಡುವುದಕ್ಕೆ ಒಪ್ಪುವುದು, ಬಂದ ಹಣದಲ್ಲಿ ಒಂದು ಪಾಲನ್ನು ಸಮಾನ ನಿಧಿಗೆ ತೆಗೆದಿಡುವುದು, ಇವೆಲ್ಲ ಕೂಟದ ಕೆಲಸಗಳು. ಅದುವರೆಗೆ ಮನೆಯ ನಾಲ್ಕು ಗೋಡೆಗಳ ಹೊರಗೆ ಸಭೆಯಲ್ಲಿ ಬಾಯಿ ತೆರೆದವರಲ್ಲ ಅವರು. ಗಂಡಂದಿರ ವಿರೋಧವನ್ನು ಎದುರಿಸಿ ಬಂದವರು ಅನೇಕರು. ಪಕ್ಕದವಳ ಕಥೆಯನ್ನು ಕೇಳುತ್ತ ಕೇಳುತ್ತ, ತನ್ನ ಗಂಡನಿಗೆ ಕೆಲಸ ಹೋದುದು ತನ್ನ ಮನೆಯ ದುರದೃಷ್ಟವಲ್ಲ, ತನ್ನ ಮಗ ಕಾಣೆಯಾದುದು ಒಂಟಿ ಘಟನೆಯಲ್ಲ ಎಂಬ ಅರಿವು ಅವರಲ್ಲಿ ಮೂಡಿತು. ಪತ್ರಿಕೆಗಳಿಗೆ ಬೀಗ ಬಿದ್ದಿದ್ದ ನಾಡಿನಲ್ಲಿ ಹೀಗೆ ಸೂಜಿಯ ಸುತ್ತ ಕುಳಿತವರು ಸತ್ಯದ ತುಣುಕುಗಳನ್ನು ಕೂಡಿಸಿ ನೋಡಿದರು. 1978ರ ಕೊನೆಯಲ್ಲಿ ಲೊಂಕೇನ್ ಎಂಬಲ್ಲಿಯ ಹಳೆಯ ಸುಣ್ಣದ ಗೂಡುಗಳಲ್ಲಿ, ಐದು ವರ್ಷಗಳ ಹಿಂದೆ ಬಂಧಿತರಾಗಿದ್ದ 15 ಜನರ ಅವಶೇಷಗಳು ಚರ್ಚಿನ ನಿಯೋಗದ ಕಣ್ಣಿಗೆ ಬಿದ್ದು, ಕಾಣೆಯಾದವರು ವಿದೇಶಕ್ಕೆ ಓಡಿಹೋಗಿದ್ದಾರೆಂಬ ಸರಕಾರದ ವಾದ ಕುಸಿದುಬಿದ್ದಾಗ, ಆ ಗೂಡುಗಳು ಕೂಡಲೇ ಗೋಣಿಯ ಮೇಲೆ ಹೊಲಿಗೆಗೊಂಡುವು. ಅದೇ ವರ್ಷ ಕಾಣೆಯಾದವರ ಹೆಂಡಂದಿರು, ಜೋಡಿಯಾಗಿ ಕುಣಿಯಬೇಕಾದ ರಾಷ್ಟ್ರೀಯ ನೃತ್ಯ ಕ್ವೇಕಾವನ್ನು ಎದೆಯ ಮೇಲೆ ಗಂಡನ ಭಾವಚಿತ್ರವನ್ನು ಧರಿಸಿ ಒಂಟಿಯಾಗಿ ಕುಣಿದರು; ಅದೂ ಚಿತ್ರಗಳಿಗೆ ವಸ್ತುವಾಯಿತು.

ಸಿದ್ಧವಾದ ಚಿತ್ರಗಳನ್ನು ವಿಕಾರಿಯಾ ಕೊಂಡು ಹೊರದೇಶಗಳಿಗೆ ಕಳುಹಿಸುತ್ತಿತ್ತು. ಪ್ರವಾಸಿಗಳ ಪೆಟ್ಟಿಗೆಗಳಲ್ಲಿ, ಧರ್ಮಭಗಿನಿಯರ ಸಾಮಾನುಗಳಲ್ಲಿ, ದೇಶಭ್ರಷ್ಟರ ಬಂಧುಗಳ ಕೈಚೀಲಗಳಲ್ಲಿ ಅವು ಗಡಿಯನ್ನು ದಾಟಿ, ಯೂರೋಪು ಮತ್ತು ಉತ್ತರ ಅಮೆರಿಕದ ಚರ್ಚುಗಳ ಸಭಾಂಗಣಗಳನ್ನೂ ಮಾನವಹಕ್ಕಿನ ಸಂಘಗಳ ಪ್ರದರ್ಶನಗಳನ್ನೂ ಮುಟ್ಟಿದುವು. ಹೆಂಗಸರ ಹೊಲಿಗೆಗೆ ಯಾರು ತಾನೆ ಅಂಜುವರೆಂಬ ಅಸಡ್ಡೆಯಿಂದ ಮೊದಮೊದಲು ಸೇನೆಯವರು ಅತ್ತ ಗಮನವೀಯಲಿಲ್ಲ; ಗಮನಕ್ಕೆ ಬಂದ ಮೇಲೆ ಸರಕಾರದ ಪರವಾದ ಪತ್ರಿಕೆಗಳು ಇವು ದೇಶದ ಮಾನ ಕಳೆಯುವ ಚಿತ್ರಗಳೆಂದು ಬೊಬ್ಬಿಟ್ಟುವು. 1977ರಲ್ಲಿ, ಇವುಗಳನ್ನು ಪ್ರದರ್ಶಿಸಲು ಮುಂದಾಗಿದ್ದ ಸಾಂತಿಯಾಗೊದ ಪೌಲಿನಾ ವಾ ಚಿತ್ರಶಾಲೆಗೆ ಬೆಂಕಿ ಬಿದ್ದಿತು. ಅದರಿಂದ ಚಿಲಿಯ ಒಳಗೆ ಇವುಗಳ ಪ್ರದರ್ಶನ ವಿರಳವಾಯಿತು. ಇದರ ಪರಿಣಾಮವನ್ನು ಮರೆಮಾಡುವಂತಿಲ್ಲ: ಸಾಂತಿಯಾಗೊದ ಸಿರಿವಂತ ಬಡಾವಣೆಗಳಲ್ಲಿ ಭಾನುವಾರದ ಬಲಿಪೂಜೆಗೆ ತಪ್ಪದೆ ಬರುತ್ತಿದ್ದ, ಸೈನಿಕ ಆಡಳಿತಕ್ಕೆ ಮನಸಾ ಒಪ್ಪಿದ್ದ ಕಥೋಲಿಕ ಕುಟುಂಬಗಳಲ್ಲಿ ಬಹಳಷ್ಟು ಜನ ತಮ್ಮದೇ ಧರ್ಮದ ಸೋದರಿಯರು ಹೊಲಿದ ಈ ಚಿತ್ರಗಳನ್ನು ಕಾಣಲೇ ಇಲ್ಲ, ಜರ್ಮನಿಯ ಅಥವಾ ಇಂಗ್ಲೆಂಡಿನ ಅಪರಿಚಿತ ಭಕ್ತನೊಬ್ಬ ಕಂಡನು. ಚಿಲಿಯ ಚರ್ಚು ಒಂದೇ ಮನಸ್ಸಿನದಾಗಿರಲಿಲ್ಲ. ಆದಾಗ್ಯೂ ಧರ್ಮಕೇಂದ್ರದ ಕೋಣೆಯಲ್ಲಿ ಆ ಹೆಂಗಸರಿಗೆ ಜಾಗ ಕೊಟ್ಟ ಪಾದ್ರಿ, ಲೆಕ್ಕ ಬರೆದ ಧರ್ಮಭಗಿನಿ, ಚಿತ್ರಗಳ ಕಟ್ಟನ್ನು ಹೊತ್ತೊಯ್ದ ಸ್ವಯಂಸೇವಕಿ, ಇವರೆಲ್ಲರ ನೆಲೆಯಲ್ಲಿ ಚರ್ಚು ತನ್ನ ಜನರಿಂದಲೇ ಪಾಠ ಕಲಿತಿತು. 1978ನ್ನು ಸಾಂತಿಯಾಗೊದ ಚರ್ಚು ಮಾನವಹಕ್ಕುಗಳ ವರ್ಷವೆಂದು ಆಚರಿಸಿ, ಪ್ರಧಾನಾಲಯದಲ್ಲಿ ಅದಕ್ಕೆಂದೇ ರಚಿತವಾದ ಗೀತಮಾಲಿಕೆಯನ್ನು ಹಾಡಿಸಿತು. ಅದೇ ವರ್ಷ ವಿಶ್ವಸಂಸ್ಥೆ ವಿಕಾರಿಯಾಕ್ಕೆ ತನ್ನ ಮಾನವಹಕ್ಕುಗಳ ಪ್ರಶಸ್ತಿಯನ್ನಿತ್ತಿತು.

ಈ ಕಲೆಯ ಮೇಲೆ ಕೊಳ್ಳುವವರ ಅಭಿರುಚಿಯ ಒತ್ತಡವೂ ಇದ್ದಿತು. ಹೊರದೇಶದ ಗ್ರಾಹಕನಿಗೆ ಪ್ರಿಯವಾದ ಸೂರ್ಯ, ಪರ್ವತ, ಹೊಳಪಿನ ಬಣ್ಣಗಳು ಚಿತ್ರದಿಂದ ಚಿತ್ರಕ್ಕೆ ಮರುಕಳಿಸಿದುವು. ಭಯದಿಂದ ಕೆಲವನ್ನು ಹೆಂಗಸರೇ ಬಿಟ್ಟರು. ಇಷ್ಟರಿಂದಲೇ ಇವು ಕೇವಲ ಮಾರಾಟದ ಸರಕೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಸಿದ ಮಕ್ಕಳ ತಾಯಿಗೆ ಅನ್ನವೂ ಸತ್ಯವೂ ಒಂದೇ ಸೂಜಿಯಿಂದ ದೊರೆಯುವುದಾದರೆ ಎರಡನ್ನೂ ಅವಳು ಸ್ವೀಕರಿಸಿದುದರಲ್ಲಿ ಕಲೆಗೆ ಯಾವ ಕುಂದೂ ಇಲ್ಲ. 1988ರ ಅಕ್ಟೋಬರಿನ ಜನಮತಗಣನೆಯಲ್ಲಿ ಪಿನೊಚೆ ಸೋತು, 1990ರಲ್ಲಿ ಪ್ರಜಾಪ್ರಭುತ್ವ ಮರಳಿತು. 1992ರಲ್ಲಿ ವಿಕಾರಿಯಾ ತನ್ನ ಕೆಲಸವನ್ನು ಮುಗಿಸಿತು. ಅಷ್ಟರಲ್ಲಿ ಈ ಮಾದರಿ ನೆರೆಯ ಪೆರು ದೇಶಕ್ಕೂ ದಾಟಿ, ರಾಜಧಾನಿ ಲಿಮಾದ ಅಂಚಿನ ಪಂಪ್ಲೋನಾ ಆಲ್ತ ಬಡಾವಣೆಯ ಹೆಂಗಸರ ಕೈಯಲ್ಲಿ ಬೇರೆಯೇ ಸೊಗಸನ್ನು ಪಡೆದಿತ್ತು.

ಸೊಲೆಂತಿನಾಮೆಯ ಚಿತ್ರಗಳು

ನಿಕರಾಗುವದ ದೊಡ್ಡ ಸರೋವರದ ದಕ್ಷಿಣದಲ್ಲಿ ಸೊಲೆಂತಿನಾಮೆ ಎಂಬ ದ್ವೀಪಸಮೂಹವಿದೆ. ಕವಿಯೂ ಪಾದ್ರಿಯೂ ಆದ ಎರ್ನೆಸ್ತೊ ಕಾರ್ದೆನಾಲ್ 1966ರಲ್ಲಿ ಅಲ್ಲಿಯ ಮಂಕರೋನ್ ದ್ವೀಪದಲ್ಲಿ ಚಿಕ್ಕದೊಂದು ಧಾರ್ಮಿಕ ಸಮುದಾಯವನ್ನು ಸ್ಥಾಪಿಸಿದರು. ಭಾನುವಾರದ ಬಲಿಪೂಜೆಯಲ್ಲಿ ಉಪದೇಶದ ಬದಲು ಸಂವಾದ. ಶುಭಸಂದೇಶದ ಭಾಗವನ್ನು ಓದಿದ ಬಳಿಕ ಮೀನುಗಾರರೂ ರೈತರೂ ತಮಗೆ ತೋಚಿದುದನ್ನು ಹೇಳುವರು. ಆ ಮಾತುಗಳನ್ನು ಧ್ವನಿಮುದ್ರಿಸಿ ಕಾರ್ದೆನಾಲ್ ಗ್ರಂಥರೂಪದಲ್ಲಿ ಪ್ರಕಟಿಸಿದರು. ಚಿತ್ರಕಲೆ ಬಂದುದು ಆಕಸ್ಮಿಕವಾಗಿ: ಎದುವಾರ್ದೊ ಅರಾನ ಎಂಬ ರೈತ ಸೋರೆಬುರುಡೆಯ ಮೇಲೆ ಕೆತ್ತಿದ ಚಿತ್ತಾರವನ್ನು ಕಂಡು, ಅವನಿಗೆ ಬಣ್ಣ ಮತ್ತು ಕ್ಯಾನ್ವಾಸುಗಳನ್ನು ಕೊಡಿಸಿದರು, ರೊಹೆರ್ ಪೆರೆಸ್ ದೆ ಲಾ ರೋಚ ಎಂಬ ಯುವ ಚಿತ್ರಕಾರ ದ್ವೀಪಕ್ಕೆ ಬಂದು ಕಲಿಸಿದನು. ಮನೆಮನೆಯಲ್ಲಿ ಚಿತ್ರ ಬರೆಯುವವರಾದರು. ಎಲೆ ಎಲೆಯನ್ನೂ ಬಿಡಿಯಾಗಿ ಬರೆದ ಹಸುರು ಕಾಡು, ನೀಲಿ ಸರೋವರ, ಅದರ ನಡುವೆ ಬೈಬಲಿನ ಪ್ರಸಂಗ: ಶಿಲುಬೆಯ ಮೇಲೆ ಅಂಗಿ ಪ್ಯಾಂಟು ತೊಟ್ಟ ರೈತನಾಗಿ ಯೇಸು, ಹಸುಳೆಗಳನ್ನು ಕೊಲ್ಲುವ ಹೆರೋದನ ಭಟರು ಆಗ ನಿಕರಾಗುವವನ್ನು ಆಳುತ್ತಿದ್ದ ಸೊಮೋಸನ ಸರಕಾರದ ರಾಷ್ಟ್ರೀಯ ದಳದ ಸಮವಸ್ತ್ರದಲ್ಲಿ. ಎರಡು ಸಾವಿರ ವರ್ಷದ ಹಿಂದಿನ ಕಥೆ ತಮ್ಮ ದ್ವೀಪದಲ್ಲಿ ಈಗ ನಡೆಯುತ್ತಿದೆಯೆಂದು ತಿಳಿದವರ ಚಿತ್ರಗಳವು.

ಎಚ್ಚರಗೊಂಡ ಅಂತಃಸಾಕ್ಷಿ ಎತ್ತ ಸಾಗಬೇಕೆಂಬ ಪ್ರಶ್ನೆ ಇಲ್ಲಿ ಅತ್ಯಂತ ತೀಕ್ಷ್ಣವಾಗಿ ಎದ್ದಿತು. 1977ರ ಅಕ್ಟೋಬರ್ 13ರಂದು ಸಮುದಾಯದ ತರುಣ ತರುಣಿಯರು ಆಯುಧ ಹಿಡಿದು ಸಾನ್ ಕಾರ್ಲೊಸಿನ ಸೈನಿಕ ಠಾಣೆಯ ಮೇಲಿನ ದಾಳಿಯಲ್ಲಿ ಭಾಗವಹಿಸಿದರು. ಸೆರೆಸಿಕ್ಕ ಇಬ್ಬರು ಮರಳಲಿಲ್ಲ. ಪ್ರತೀಕಾರವಾಗಿ ಸೇನೆ ಸಮುದಾಯದ ಕಟ್ಟಡಗಳನ್ನು ಧ್ವಂಸಮಾಡಿತು. ಅಮೆರಿಕದ ಯೇಸುಸಭೆಯ ಪಾದ್ರಿ, ಯುದ್ಧವಿರೋಧಿ ಡ್ಯಾನಿಯಲ್ ಬೆರಿಗನ್ನರು, ಯಾವ ತತ್ತ್ವವೂ ಒಂದು ಮನುಷ್ಯಪ್ರಾಣಕ್ಕೆ ಸಮನಲ್ಲವೆಂಬ ನಿಲುವಿನಿಂದ ಕಾರ್ದೆನಾಲರಿಗೆ ಬಹಿರಂಗಪತ್ರವನ್ನು ಬರೆದು ಈ ಮಾರ್ಗವನ್ನು ಆಕ್ಷೇಪಿಸಿದರು. ಇಬ್ಬರೂ ಕವಿಗಳು, ಇಬ್ಬರೂ ಪಾದ್ರಿಗಳು, ಇಬ್ಬರೂ ಬಡವರ ಪಕ್ಷಪಾತಿಗಳು. ಈ ವಿವಾದದಲ್ಲಿ ನಾನು ಬೆರಿಗನ್ನರ ಕಡೆಗೆ ಒಲಿಯುತ್ತೇನೆ. ಆದರೆ ಆ ದ್ವೀಪವಾಸಿಗಳ ಬವಣೆಯನ್ನು ಉಣ್ಣದವನು ಅವರಿಗೆ ತೀರ್ಪು ವಿಧಿಸುವುದು ಸಲ್ಲದೆಂಬುದನ್ನೂ ಬಲ್ಲೆ. ಸೊಮೋಸನನ್ನು ಉರುಳಿಸಿದ 1979ರ ಕ್ರಾಂತಿಯ ಅನಂತರ ಸಮುದಾಯ ಮತ್ತೆ ಕಟ್ಟಲ್ಪಟ್ಟಿತು, ಕಾರ್ದೆನಾಲ್ ಸಂಸ್ಕೃತಿ ಸಚಿವರಾದರು. ಅದೇ ಕಾರಣದಿಂದ 1984ರಲ್ಲಿ ಅವರ ಪಾದ್ರಿಪದವಿಯ ಅಧಿಕಾರ ಅಮಾನತಾಯಿತು, 2019ರಲ್ಲಿ ಪೋಪ್ ಫ್ರಾನ್ಸಿಸರು ಅದನ್ನು ಮರಳಿ ಕೊಟ್ಟರು.

ತಪಸ್ಸುಕಾಲದ ಪರದೆ ಮತ್ತು ಸಿಲ್ವೆಪುರ

ಹಳೆಯ ಜರ್ಮನ್ ಪರದೆಯ ಸಂಪ್ರದಾಯ ಹೊಸ ಅರ್ಥದೊಡನೆ ಪುನರುಜ್ಜೀವನಗೊಂಡುದಕ್ಕೆ ಕರ್ನಾಟಕದ ನಂಟು ಇದೆ. 1958ರಲ್ಲಿ ಕೊಲೋನಿನ ಕಾರ್ಡಿನಲ್ ಫ್ರಿಂಗ್ಸರ ಕರೆಯ ಮೇರೆಗೆ ಜರ್ಮನಿಯ ಧರ್ಮಾಧ್ಯಕ್ಷರು ಲೋಕದ ಹಸಿವು ಮತ್ತು ರೋಗಗಳ ವಿರುದ್ಧ ಮಿಸೆರಿಯೊರ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ತಪಸ್ಸುಕಾಲದಲ್ಲಿ ಸಂಗ್ರಹವಾಗುವ ಕಾಣಿಕೆ ಅದರ ಆಧಾರ. 1976ರಲ್ಲಿ ಆ ಸಂಸ್ಥೆಯು ಬಡದೇಶಗಳ ಕಲಾವಿದರಿಂದ ತಪಸ್ಸುಕಾಲದ ಪರದೆಗಳನ್ನು ಮಾಡಿಸಿ, ಅವುಗಳ ಪ್ರತಿಗಳನ್ನು ಧರ್ಮಕೇಂದ್ರಗಳಿಗೆ ಹಂಚುವ ಪದ್ಧತಿಯನ್ನು ಆರಂಭಿಸಿತು. ಮೊದಲನೆಯ ಪರದೆಯನ್ನು ರಚಿಸಿದವರು ಬೆಂಗಳೂರಿನ ಉತ್ತರಕ್ಕಿರುವ ಸಿಲ್ವೆಪುರ ಗ್ರಾಮದಲ್ಲಿ ನೆಲಸಿದ ಚಿತ್ರಕಾರ ಜ್ಯೋತಿ ಸಾಹಿ. 1944ರಲ್ಲಿ ಪುಣೆಯಲ್ಲಿ ಜನಿಸಿ, ಲಂಡನ್ನಿನಲ್ಲಿ ಕಲೆಯನ್ನು ಅಭ್ಯಸಿಸಿ ಬಂದ ಇವರು, ಭಾರತದ ಜನಪದ ಮತ್ತು ಆದಿವಾಸಿ ಪ್ರತೀಕಗಳ ಮೂಲಕ ಕ್ರೈಸ್ತ ಧ್ಯಾನವನ್ನು ನಿರೂಪಿಸಿದರು, ಪಾದ್ರಿ ಡಿ. ಎಸ್. ಅಮಲೋರ್ಪವದಾಸರು 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರದ ಪ್ರಾರ್ಥನಾಲಯದಲ್ಲಿಯೂ ಸಾಹಿಯವರ ಕೈಕೆಲಸವಿದೆ.

ಮುಂದೆ ಹೈತಿಯ ಝಾಕ್ ಶೇರಿ 1982ರಲ್ಲಿ ಜೀವವೃಕ್ಷದ ಮೇಲೆ ಕಪ್ಪುವರ್ಣದ ಯೇಸುವನ್ನು ಶಿಲುಬೆಗೇರಿಸಿ ಚಿತ್ರಿಸಿದ ಪರದೆ ಜರ್ಮನಿಯಲ್ಲಿ ಅಪಾರವಾದ ಪರಿಚಯವನ್ನು ಪಡೆಯಿತು. ಗೋವೆಯ ಲೂಸಿ ಡಿಸೋಜ 1990ರಲ್ಲಿ ಬೈಬಲಿನ ಸ್ತ್ರೀಯರನ್ನು, ಶಾಂತಿಗಾಗಿ ನೊಬೆಲ್ ಪ್ರಶಸ್ತಿ ಪಡೆದ ಅರ್ಜೆಂಟೀನದ ಅದೊಲ್ಫೊ ಪೆರೆಸ್ ಎಸ್ಕಿವೆಲ್ 1992ರಲ್ಲಿ ಲ್ಯಾಟಿನ್ ಅಮೆರಿಕದ ಶಿಲುಬೆಹಾದಿಯನ್ನು ಚಿತ್ರಿಸಿದರು. ಇವು ಒಬ್ಬೊಬ್ಬರ ಕೃತಿಗಳಲ್ಲವೆ, ಸಮೂಹಕಲೆ ಹೇಗಾದುವು ಎಂದು ಕೇಳಬಹುದು. ಇಲ್ಲಿ ಸಮೂಹವಿರುವುದು ರಚನೆಯಲ್ಲಲ್ಲ, ದರ್ಶನದಲ್ಲಿ. ನಲವತ್ತು ದಿನ ಒಂದೇ ಚಿತ್ರದ ಮುಂದೆ ಒಂದು ಊರಿನ ಜನ ಕುಳಿತು, ವಾರಕ್ಕೊಂದು ಭಾಗವನ್ನು ಕುರಿತು ಮಾತನಾಡಿ, ತಮ್ಮ ಊಟದ ಮೇಜಿಗೂ ದೂರದ ಹೊಲಕ್ಕೂ ಇರುವ ಸಂಬಂಧವನ್ನು ಅರಿಯಲು ಯತ್ನಿಸುವರು. ಆದರೂ ಮಾಡುವವರು ಮತ್ತು ನೋಡುವವರ ನಡುವೆ ಸಾಗರಗಳ ಅಂತರವಿರುವ ಈ ಕ್ರಮದಲ್ಲಿ, ಮರುಕವು ಕಾಣಿಕೆಯ ಡಬ್ಬಿಯಲ್ಲಿಯೇ ಮುಗಿದುಹೋಗುವ ಅಪಾಯ ಇಲ್ಲದೆ ಇಲ್ಲ. ಗೋಣಿಚಿತ್ರದ ಕೂಟಕ್ಕೆ ಈ ಅಪಾಯವಿರಲಿಲ್ಲ.

ಇತರ ನಿದರ್ಶನ

ದಕ್ಷಿಣ ಆಫ್ರಿಕದ ನೆಟಾಲ್ ಪ್ರಾಂತದ ರೋರ್ಕ್ಸ್ ಡ್ರಿಫ್ಟಿನಲ್ಲಿ ಲೂಥರನ್ ಚರ್ಚಿನ ಆಶ್ರಯದಲ್ಲಿ ಸ್ವೀಡನ್ನಿನ ಪೇಡರ್ ಮತ್ತು ಉಲ್ಲಾ ಗೊವೇನಿಯಸ್ ದಂಪತಿಗಳು 1960ರ ದಶಕದಲ್ಲಿ ಬೆಳೆಸಿದ ಕಲಾಕೇಂದ್ರದಲ್ಲಿ ಕರಿಯ ಸ್ತ್ರೀಯರು ಮಗ್ಗದ ಮೇಲೆ ಚಿತ್ರಪಟಗಳನ್ನು ನೇಯ್ದರು. ಅಜಾರಿಯ ಎಂಬಾತಾ, ಜಾನ್ ಮುಆಫಂಗೆಯೊ ಮೊದಲಾದವರು ಲಿನೋಲಿಯಮ್ಮಿನ ಮೇಲೆ ಕೆತ್ತಿ ಅಚ್ಚೊತ್ತಿದ ಬೈಬಲ್ ಚಿತ್ರಗಳಲ್ಲಿ ವರ್ಣಭೇದದ ನಾಡಿನ ನೋವು ಮಾತನಾಡಿತು. ಕರಿಯರಿಗೆ ಕಲಾಶಿಕ್ಷಣದ ದ್ವಾರಗಳು ಮುಚ್ಚಿದ್ದ ಆ ನಾಡಿನಲ್ಲಿ ಇಂತಹದೊಂದು ಶಾಲೆ ನಡೆದುದೇ ಒಂದು ಪ್ರತಿಭಟನೆಯಾಗಿತ್ತು.

ಸಂರಕ್ಷಣೆ

ಚಿಲಿಯ ಗೋಣಿಚಿತ್ರಗಳಲ್ಲಿ ಹೆಚ್ಚಿನವಕ್ಕೆ ಸಹಿಯಿಲ್ಲ. ಹೆಸರು ಹಾಕಿದವಳಿಗೆ ಪೊಲೀಸರ ಭಯ ಒಂದು ಕಾರಣ; ಕೂಟದ ಕೆಲಸ ಕೂಟದ್ದೆಂಬ ಭಾವನೆ ಇನ್ನೊಂದು. ಅವು ಹುಟ್ಟಿದ ನಾಡಿಗಿಂತ ಹೊರನಾಡುಗಳ ಮನೆಗಳಲ್ಲಿಯೂ ಸಂಘಗಳ ಕಪಾಟುಗಳಲ್ಲಿಯೂ ಹೆಚ್ಚಾಗಿ ಉಳಿದುವು. ಚಿಲಿಯ ಕವಯಿತ್ರಿ ಮಾರ್ಹೊರಿ ಅಗೊಸಿನ್ ಹೊಲಿದವರನ್ನೇ ಕಂಡು ಮಾತನಾಡಿಸಿ ಬರೆದ ಗ್ರಂಥಗಳೂ, ರೊಬೆರ್ತ ಬಸಿಕ್ ಹಲವು ದೇಶಗಳಲ್ಲಿ ಏರ್ಪಡಿಸಿದ ಪ್ರದರ್ಶನಗಳೂ ಇವುಗಳ ಅಧ್ಯಯನಕ್ಕೆ ತಳಹದಿ ಹಾಕಿದುವು. 2010ರ ಜನವರಿಯಲ್ಲಿ ಸಾಂತಿಯಾಗೊದಲ್ಲಿ ತೆರೆದ ಸ್ಮೃತಿ ಮತ್ತು ಮಾನವಹಕ್ಕುಗಳ ಸಂಗ್ರಹಾಲಯದಲ್ಲಿ ಇವುಗಳ ಸಂಗ್ರಹವೊಂದಿದೆ. ಸಹಿಯಿಲ್ಲದ ಚಿತ್ರದ ಕೂಟವನ್ನು ಗುರುತಿಸಬೇಕಾದಾಗ ಅಧ್ಯಯನಕಾರರು ಅಂಚಿನ ಹೆಣಿಗೆ, ಗೊಂಬೆಯ ಆಕಾರ, ಬಟ್ಟೆಯ ಬಗೆ ಮತ್ತು ಬೆನ್ನ ಕಿಸೆಯ ಚೀಟಿ ಉಳಿದಿದ್ದರೆ ಅದರ ಬರಹ, ಇವುಗಳ ಆಧಾರದಿಂದ ಮುಂದುವರಿಯಬೇಕಾಗುತ್ತದೆ. ಆದ್ದರಿಂದ ಗೋಡೆಗೆ ತೂಗುಹಾಕಲು ಅಡ್ಡಿಯಾಯಿತೆಂದು ಕಿಸೆಯನ್ನು ಬಿಚ್ಚುವುದಾಗಲಿ, ಚೀಟಿಯನ್ನು ಚಿತ್ರದಿಂದ ಬೇರ್ಪಡಿಸಿ ಇಡುವುದಾಗಲಿ ಕೂಡದು. ಮನೆಗಳಲ್ಲಿ ಇವುಗಳನ್ನು ಇಟ್ಟುಕೊಂಡವರು ಬಣ್ಣ ಮಾಸದಂತೆ ಬಿಸಿಲಿನಿಂದಲೂ, ಉಣ್ಣೆಯ ಅಂಚಿಗೆ 'ನುಸಿ' ಹಿಡಿಯದಂತೆ ತೇವದಿಂದಲೂ ದೂರವಿರಿಸಬೇಕು.